‘ಸರ್ವರ್ ಇಲ್ಲ’ ಎಂಬುದು ಉತ್ತರವೆ?

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯ ಅಧ್ಯಾಪಕರು ನನ್ನನ್ನು ಕೇಳಿದಾಗ, ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ಯಾವುದಾದರೊಂದು ಕಾವ್ಯವನ್ನು ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಕಂಪ್ಯೂಟರಿನ ಡಿಸ್ಕನ್ನು ಕುರಿತು ಬರೆಯುತ್ತೇನೆ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಬರಿ. ಆದರೆ ನಮಗೂ ತಿಳಿಯೋ ಹಾಗೆ ಬರಿ” ಎಂದರು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ವಿಜ್ಞಾನವನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದಿದ್ದರೆ ಕ್ಷಮಿಸಬೇಕು. ನಾನು ಬರೆಯುತ್ತಿರುವುದು ಅವರಿಗಾಗಿ ಅಲ್ಲ, ನನ್ನಂಥವರಿಗಾಗಿ.

ನಮ್ಮ ಊರು ಹೂಗ್ಯಂ. ಹನೂರಿನ ಕಡೆಯ ಬೆಟ್ಟಸೀಮೆಯ ಊರು. ಹನೂರು ಬೇರೆ ತಾಲ್ಲೂಕಾಗುವುದಕ್ಕೆ ಮುಂಚೆ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಾನು ಎರಡನೆಯ ವರ್ಷದಲ್ಲಿದ್ದಾಗ ನಮ್ಮ ತಂದೆಯವರಿಗೆ ಜಮೀನಿನ ಕಾಗದವೊಂದು ಬೇಕಾಯಿತು. ಬೆಳಗಿನ ಬಸ್ಸು ಹಿಡಿದು ಒಂದು ಕಛೇರಿಗೆ ಹೋದರು. ಸಾಲಿನಲ್ಲಿ ನಿಂತು ಕಿಟಕಿಯ ಬಳಿಗೆ ಬಂದಾಗ, “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಉತ್ತರ ಬಂತು. ಮಾರನೆಯ ದಿನ ಹೋದಾಗಲೂ ಅದೇ ಉತ್ತರ. ವಾರ ಬಿಟ್ಟು ಹೋದಾಗಲೂ ಅದೇ. ಹೋದ ದಿನಗಳ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ, ಕಳೆ ಕೀಳಬೇಕಾಗಿದ್ದ ರಾಗಿಯ ಹೊಲ ಹಾಗೆಯೇ ನಿಂತಿತು.

ಮೂರನೆಯ ದಿನ ತಂದೆಯವರು ಬರಿಗೈಯಲ್ಲಿ ಮನೆಗೆ ಬಂದು ಜಗಲಿಯ ಮೇಲೆ ಕುಳಿತಾಗ ನಮ್ಮ ಅಜ್ಜಿ ನನ್ನನ್ನು ಕೇಳಿದರು: “ಅಂವ ಯಾವೂರವನು ಮಗ, ಆ ಸರ್ವರು? ಯಾವಾಗ ಹೋದ್ರೂ ಇರದೇ ಇಲ್ವಲ್ಲ!” ಮನೆಯವರೆಲ್ಲ ನಕ್ಕೆವು, ನಾನೂ ನಕ್ಕೆ. ಆದರೆ ಆ ರಾತ್ರಿ ಮಲಗಿದಾಗ ಯೋಚಿಸಿದೆ. ಅವನು ಯಾರು, ಎಲ್ಲಿದ್ದಾನೆ, ಏಕೆ ಇಲ್ಲ ಎಂದು ನಮ್ಮ ಮನೆಯಲ್ಲಿ ಕೇಳಿದವರು ಓದು ಬರಹವಿಲ್ಲದ ಅಜ್ಜಿಯೊಬ್ಬರೇ. ಓದಿದ ನಾನು ಆ ಉತ್ತರವನ್ನು ಮಳೆ ಬಾರದ ಸುದ್ದಿಯನ್ನು ಒಪ್ಪಿಕೊಳ್ಳುವಂತೆ ಒಪ್ಪಿಕೊಂಡುಬಿಟ್ಟಿದ್ದೆ.

‘ಸರ್ವರ್ ಇಲ್ಲ’ ಎಂಬುದು ಉತ್ತರವಲ್ಲ. ಅದು ಇನ್ನೂ ಕೇಳದಿರುವ ಒಂದು ಪ್ರಶ್ನೆ. ಯಂತ್ರದ ನಿಧಾನಕ್ಕೆ ಒಂದು ವಿಳಾಸ ಉಂಟು. ಆ ವಿಳಾಸವನ್ನು ಐದಾರು ಪದಗಳ ಆಜ್ಞೆಗಳಿಂದ ಹುಡುಕಬಹುದು, ಹುಡುಕಿದ್ದನ್ನು ಬರೆದಿಡಬಹುದು, ಬರೆದಿಟ್ಟದ್ದನ್ನು ಮುಂದಿಟ್ಟು ಕೇಳಬಹುದು. ಇಷ್ಟೇ ನಾನು ಹೇಳಬೇಕೆಂದಿರುವುದು.

ಈ ಯಂತ್ರ ನಮ್ಮ ಬಾಳಿನೊಳಕ್ಕೆ ಬಂದ ಬಗೆಯನ್ನು ಮೊದಲು ನೆನೆಯೋಣ. ಒಂದು ಕಾಲಕ್ಕೆ ನಮ್ಮ ನಾಡಿನ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಅವನ್ನು ಪಡೆಯಲು ಎಷ್ಟು ಸಲ ಅಲೆಯಬೇಕಾಗಿತ್ತು, ಎಷ್ಟು ಮಂದಿಯ ಮುಂದೆ ಕೈ ಕಟ್ಟಿ ನಿಲ್ಲಬೇಕಾಗಿತ್ತು ಎಂಬುದನ್ನು ಹಿರಿಯರು ಬಲ್ಲರು. 2001ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಇದು ಸಣ್ಣ ಮಾತಲ್ಲ. ದೇಶದ ಬೇರೆ ರಾಜ್ಯಗಳವರೂ ಬಂದು ನೋಡಿಹೋದ ಕೆಲಸ ಅದು. ಅದಾದ ಹತ್ತು ವರ್ಷಕ್ಕೆ, 2011ರ ‘ಸಕಾಲ’ ಕಾಯಿದೆ ಬಂತು. ಗೊತ್ತುಮಾಡಿದ ದಿನಗಳೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಪರಿಹಾರ ಕೇಳುವ ಹಕ್ಕು ಅರ್ಜಿದಾರನಿಗೆ ದೊರೆಯಿತು. ಎಂದರೆ, ತಡವನ್ನು ಅಳೆಯಬೇಕು, ಅಳೆದ ತಡಕ್ಕೆ ಬೆಲೆ ಕಟ್ಟಬೇಕು ಎಂಬ ತತ್ತ್ವವನ್ನು ನಮ್ಮ ಕಾಯಿದೆಯೇ ಒಪ್ಪಿಕೊಂಡಿದೆ. ಆದರೆ ಕಾಯಿದೆ ಅಳೆಯುವುದು ದಿನಗಳನ್ನು. ಆ ದಿನ ಏಕೆ ಹೋಯಿತು ಎಂಬ ಲೆಕ್ಕ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಸರ್ಕಾರದ ದೊಡ್ಡ ಯಂತ್ರಗಳ ಒಳಹೊಕ್ಕು ನೋಡುವ ಅಧಿಕಾರ ನನಗಿಲ್ಲ, ಇರಲೂ ಬಾರದು. ಆದರೆ ಅದೇ ಜಾತಿಯ ಒಂದು ಚಿಕ್ಕ ಯಂತ್ರ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿದೆ. ಅದರ ಮೇಲೆ ಈ ವರ್ಷ ನಾವು ಮಾಡಿದ ಪರೀಕ್ಷೆಯನ್ನು ಹೇಳುತ್ತೇನೆ. ಚಿಕ್ಕದರಲ್ಲಿ ಕಂಡದ್ದು ದೊಡ್ಡದಕ್ಕೂ ದಾರಿ ತೋರಿಸುತ್ತದೆ.

ನಮ್ಮ ಕೊಠಡಿಯಲ್ಲಿ ಹದಿನೆಂಟು ಕಂಪ್ಯೂಟರುಗಳಿವೆ. ಅವುಗಳಲ್ಲಿ ಯಾವುದರ ಮುಂದೆ ಕುಳಿತರೂ ನಮ್ಮ ನಿಯೋಜಿತ ಬರಹಗಳನ್ನು ಒಂದೇ ಕಡೆ, ಹಂಚಿಕೆಯ ಫೋಲ್ಡರಿನಲ್ಲಿ, ಇಡುತ್ತೇವೆ. ಆ ಫೋಲ್ಡರು ಇರುವುದು ಮೂಲೆಯ ಯಂತ್ರದ ಡಿಸ್ಕಿನಲ್ಲಿ. ಕಳೆದ ವರ್ಷದಿಂದ ಒಂದು ಕಾಟ ಶುರುವಾಗಿತ್ತು. ಬೆಳಿಗ್ಗೆ ಹನ್ನೊಂದು ಹೊಡೆದರೆ ಸಾಕು, ಫೈಲು ತೆರೆಯುವುದಕ್ಕೆ ಒಂದು ನಿಮಿಷ, ಉಳಿಸುವುದಕ್ಕೆ ಎರಡು ನಿಮಿಷ. ಮುದ್ರಿಸಬೇಕಾದ ಪುಟ ಬರುವ ಹೊತ್ತಿಗೆ ತರಗತಿಯ ಗಂಟೆ ಬಾರಿಸುತ್ತಿತ್ತು. ಒಬ್ಬೊಬ್ಬರದು ಒಂದೊಂದು ವಿವರಣೆ. ವೈರು ಹಳೆಯದು ಎಂದರು ಕೆಲವರು. ವಿದ್ಯಾರ್ಥಿಗಳು ಸಿನಿಮಾ ತುಂಬಿಸಿದ್ದಾರೆ ಎಂದರು ಮತ್ತೆ ಕೆಲವರು. ವೈರಸ್ ಎಂದರು ಇನ್ನು ಕೆಲವರು. ಕೊನೆಗೆ ವೈರುಗಳನ್ನೂ ಅವು ಕೂಡುವ ಸ್ವಿಚ್ಚಿನ ಪೆಟ್ಟಿಗೆಯನ್ನೂ ಹೊಸದಾಗಿ ಕೊಳ್ಳಬೇಕೆಂದು ಅರ್ಜಿ ಸಿದ್ಧವಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನಮ್ಮದೇ. ಬರೆ ಹಾಕುವ ಮುಂಚೆ ಮೈ ಮುಟ್ಟಿ ನೋಡಬೇಕಲ್ಲವೆ?

ಇಲ್ಲಿ ನಮ್ಮ ಕಡೆಯ ಹೋಲಿಕೆಯೊಂದನ್ನು ಕೊಟ್ಟರೆ ವಿಷಯ ಸುಲಭವಾಗುತ್ತದೆ. ಕೆರೆಯ ನೀರು ತೂಬಿನಿಂದ ಹೊರಟು, ಕಾಲುವೆಯಲ್ಲಿ ಹರಿದು, ಗದ್ದೆಗೆ ಬರುತ್ತದೆ. ಗದ್ದೆಗೆ ನೀರು ಬಾರದಿದ್ದರೆ ಕೆರೆಯಲ್ಲಿ ನೀರಿಲ್ಲದಿರಬಹುದು, ತೂಬು ಕಟ್ಟಿಕೊಂಡಿರಬಹುದು, ಕಾಲುವೆ ಹೂತಿರಬಹುದು, ಇಲ್ಲವೆ ನಮ್ಮ ಗದ್ದೆಯ ಬದುವೇ ಒಡೆದಿರಬಹುದು. ನೀರುಗಂಟಿಯಾದವನು ಮನೆಯಲ್ಲಿ ಕುಳಿತು ‘ನೀರಿಲ್ಲ’ ಎನ್ನುವುದಿಲ್ಲ. ಗುದ್ದಲಿ ಹಿಡಿದು ಗದ್ದೆಯಿಂದ ಕೆರೆಯವರೆಗೆ ನಡೆದು, ಒಂದೊಂದು ಕಡೆಯೂ ನಿಂತು ನೋಡುತ್ತಾನೆ. ಹಂಚಿಕೆಯ ಫೋಲ್ಡರಿನಲ್ಲಿ ಕೆರೆ ಎಂದರೆ ಡಿಸ್ಕು. ತೂಬು ಎಂದರೆ ಫೈಲುಗಳನ್ನು ಹಂಚುವ ತಂತ್ರಾಂಶ. ಕಾಲುವೆ ಎಂದರೆ ವೈರಿನ ಜಾಲ. ಗದ್ದೆ ಎಂದರೆ ನಮ್ಮ ಮುಂದಿನ ಕಂಪ್ಯೂಟರು.

ಡಿಸ್ಕಿನ ಕಥೆ ಸ್ವಾರಸ್ಯವಾದದ್ದು. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ನಮ್ಮ ಕೊಳ್ಳೇಗಾಲ ಸೀಮೆ ಮೈಸೂರು ರಾಜ್ಯಕ್ಕೆ ಬಂದ 1956ನೆಯ ಇಸವಿಯಲ್ಲಿಯೇ ಐ.ಬಿ.ಎಂ. ಕಂಪನಿಯವರು ಅಮೆರಿಕದಲ್ಲಿ ಮೊದಲ ಡಿಸ್ಕ್ ಯಂತ್ರವನ್ನು ಹೊರತಂದರು. ಎರಡೆರಡು ಅಡಿ ಅಗಲದ 50 ತಟ್ಟೆಗಳು ಅದರಲ್ಲಿದ್ದವು; ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ನಮ್ಮ ಮೂಲೆಯ ಯಂತ್ರದಲ್ಲಿರುವ ಡಿಸ್ಕು ಅಂಗೈಯಷ್ಟಿದ್ದರೂ ತತ್ತ್ವ ಮಾತ್ರ ಅದೇ: ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಸರಿಯುವ ಒಂದು ತೋಳು. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 8 ಪಾಲಿಗಿಂತ ಸ್ವಲ್ಪ ಹೆಚ್ಚು ಕಾಲ. ತೋಳು ಸರಿಯುವುದಕ್ಕೂ ಸುಮಾರು ಅಷ್ಟೇ ಕಾಲ ಬೇಕು. ಇವನ್ನು ಕೂಡಿಸಿ ನೋಡಿದರೆ, ಅಲ್ಲೊಂದು ಇಲ್ಲೊಂದು ಚದುರಿಬಿದ್ದಿರುವ ಚೂರುಗಳನ್ನು ಸೆಕೆಂಡಿಗೆ ನೂರರೊಳಗಷ್ಟೇ ಅದು ಎತ್ತಿಕೊಡಬಲ್ಲದು. ಅದಕ್ಕಿಂತ ಹೆಚ್ಚು ಕೇಳಿದರೆ ಉಳಿದವರು ಸಾಲಿನಲ್ಲಿ ನಿಲ್ಲಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಅಳೆಯುವುದಕ್ಕೆ ಎರಡೇ ನಿಮಿಷ; ಸಾಲಿನಲ್ಲಿ ನಿಲ್ಲುವುದು ಎರಡು ಗಂಟೆ. ಡಿಸ್ಕಿನ ಕಥೆಯೂ ಹಾಗೆಯೇ. ತಿರುಗುವ ತಟ್ಟೆಯೇ ಇಲ್ಲದ ಹೊಸ ಬಗೆಯ ಡಿಸ್ಕುಗಳು ಈಗ ಬಂದಿವೆ; ಅವು ಬಹಳ ಚುರುಕು. ಆದರೆ ಹಳೆಯವು ಇನ್ನೂ ಬೇಕಾದಷ್ಟು ಕಡೆ ದುಡಿಯುತ್ತಿವೆ.

ತೂಬಿನ ಕಥೆಯೂ ವಿದ್ಯಾರ್ಥಿಗಳಾದ ನಮಗೆ ಹಿಡಿಸುವಂಥದು. ನಮ್ಮ ಯಂತ್ರದಲ್ಲಿರುವ ಹಂಚಿಕೆಯ ತಂತ್ರಾಂಶದ ಹೆಸರು ‘ಸಾಂಬಾ’. ನಮ್ಮ ಕಡೆ ಸಾಂಬ ಎಂದರೆ ಶಿವ. ಈ ಸಾಂಬಾ ಬೇರೆ. 1992ರ ಸುಮಾರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರ್ರಾ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಎಂಬವರು ಇದಕ್ಕೆ ಅಡಿಪಾಯ ಹಾಕಿದರು. ಬೇರೆ ಬೇರೆ ಜಾತಿಯ ಯಂತ್ರಗಳು ಫೈಲುಗಳನ್ನು ಹಂಚಿಕೊಳ್ಳಲು ಆಡುವ ಭಾಷೆಗೆ ‘ಎಸ್.ಎಂ.ಬಿ.’ ಎಂದು ಹೆಸರು. ತಮ್ಮ ತಂತ್ರಾಂಶಕ್ಕೆ ಹೊಸ ಹೆಸರಿಡಬೇಕಾಗಿ ಬಂದಾಗ, ಈ ಮೂರು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ತಮ್ಮ ಯಂತ್ರದಲ್ಲಿದ್ದ ಇಂಗ್ಲಿಷ್ ಪದಪಟ್ಟಿಯಿಂದ ಹೆಕ್ಕಿಕೊಡೆಂದು ಅವರು ಒಂದೇ ಸಾಲಿನ ಆಜ್ಞೆ ಕೊಟ್ಟರು. ಹಾಗೆ ಸಿಕ್ಕ ಪದಗಳಲ್ಲಿ ಬ್ರೆಜಿಲ್ ದೇಶದ ಕುಣಿತವೊಂದರ ಹೆಸರಾದ ‘ಸಾಂಬಾ’ ಆಯ್ಕೆಯಾಯಿತು. ಒಂದು ಸಾಲಿನ ಆಜ್ಞೆಗೆ ಎಷ್ಟು ಕೆಲಸ ಸಾಗುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ಇನ್ನು ನಾವು ಮಾಡಿದ ಕೆಲಸ. ಪ್ರಾಂಶುಪಾಲರ ಅನುಮತಿ ಪಡೆದು, ಕಂಪ್ಯೂಟರ್ ವಿಭಾಗದ ಅಧ್ಯಾಪಕರ ಎದುರಿನಲ್ಲಿ, ಕೊಠಡಿಯ ಸಹಾಯಕರೂ ನಾನೂ ಇನ್ನಿಬ್ಬರು ಸಹಪಾಠಿಗಳೂ ಕುಳಿತೆವು. ಕಮಾಂಡ್ ಲೈನ್ ಎಂದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಯಂತ್ರಕ್ಕೆ ಆಜ್ಞೆ ಕೊಡುವ ಪದ್ಧತಿ. ಅದನ್ನು ಕಂಡರೆ ನನಗೆ ಮೊದಲು ಭಯವಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಮೊಟಕು ಇಂಗ್ಲಿಷ್ ಪದಗಳು ಮಂತ್ರದಂತೆ ಕಾಣುತ್ತಿದ್ದವು. ಆದರೆ ಕಲಿಯಬೇಕಾದ್ದು ಒಟ್ಟು ಐದೇ ಪದಗಳೆಂದು ತಿಳಿದಾಗ ಭಯ ಹೋಯಿತು.

ಮೊದಲನೆಯದು ‘ಪಿಂಗ್’. ಇದು ಕಾಲುವೆಯ ಪರೀಕ್ಷೆ. ನಮ್ಮ ಯಂತ್ರದಿಂದ ಒಂದು ಚಿಕ್ಕ ಸಂದೇಶ ಹೋಗಿ ಮರಳಿ ಬರಲು ಎಷ್ಟು ಕಾಲ ಹಿಡಿಯಿತೆಂದು ಅದು ಹೇಳುತ್ತದೆ. ಹನ್ನೊಂದೂವರೆಗೆ, ಎಲ್ಲರೂ ಗೊಣಗುತ್ತಿದ್ದ ಹೊತ್ತಿನಲ್ಲಿ, ಪರೀಕ್ಷಿಸಿದೆವು. ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಉತ್ತರ ಬಂತು. ಒಂದು ಸಂದೇಶವೂ ದಾರಿಯಲ್ಲಿ ಕಳೆದುಹೋಗಲಿಲ್ಲ. ದೊಡ್ಡ ಫೈಲೊಂದನ್ನು ಅದೇ ವೈರಿನ ಮೇಲೆ ಬೇರೊಂದು ಯಂತ್ರಕ್ಕೆ ಕಳುಹಿಸಿ ನೋಡಿದೆವು; ಅದೂ ಸರಾಗವಾಗಿ ಹೋಯಿತು. ಕಾಲುವೆ ಚೆನ್ನಾಗಿತ್ತು. ಕೊಳ್ಳಬೇಕೆಂದಿದ್ದ ಹೊಸ ವೈರುಗಳು ಅಲ್ಲಿಗೆ ನಿಂತವು.

ಎರಡನೆಯದು ‘ಡಿಎಫ್’. ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಸಿನಿಮಾ ತುಂಬಿಸಿದ್ದೇವೆಂಬ ಅಪವಾದದಿಂದ ವಿದ್ಯಾರ್ಥಿಗಳು ಪಾರಾದೆವು.

ಮೂರನೆಯದು ‘ಐಒಸ್ಟ್ಯಾಟ್’. ಡಿಸ್ಕಿನ ನಾಡಿ ಹಿಡಿದು ನೋಡುವ ಆಜ್ಞೆ ಇದು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಆಜ್ಞೆ ಕೊಟ್ಟೊಡನೆ ಬಂದ ಮೊದಲ ಪಟ್ಟಿಯನ್ನು ನೋಡಿ, “ಡಿಸ್ಕು ಸರಿಯಾಗಿಯೇ ಇದೆ ಸಾರ್” ಎಂದುಬಿಟ್ಟೆ. ಅಧ್ಯಾಪಕರು ನಕ್ಕು, ಮೊದಲ ಪಟ್ಟಿ ಯಂತ್ರವನ್ನು ಹಚ್ಚಿದಂದಿನಿಂದ ಈವರೆಗಿನ ಸರಾಸರಿ, ಈಗಿನ ಸ್ಥಿತಿ ಅಲ್ಲ ಎಂದರು. ಜಿಲ್ಲೆಯ ಸರಾಸರಿ ಮಳೆ ಚೆನ್ನಾಗಿದ್ದ ವರ್ಷದಲ್ಲಿಯೂ ನಮ್ಮ ಊರಿನ ಹೊಲ ಒಣಗಿರಬಹುದಲ್ಲವೆ? ಅಂಥ ಮಾತೇ ಇದು. ಆಜ್ಞೆಯ ಮುಂದೆ ‘ಅಡ್ಡಗೆರೆ ಎಕ್ಸ್’ ಎಂದೂ ಆಮೇಲೆ 5 ಎಂದೂ ಬರೆದರೆ ಐದೈದು ಸೆಕೆಂಡಿಗೊಮ್ಮೆ ಹೊಸ ವಿವರ ಬರುತ್ತದೆ. ಎರಡನೆಯ ಪಟ್ಟಿಯಿಂದ ಮುಂದಿನದನ್ನು ನೋಡಿದಾಗ ಗುಟ್ಟು ಹೊರಬಿತ್ತು. ‘ಅವೇಟ್’ ಎಂಬ ಅಂಕಣವುಂಟು. ಒಂದು ಬೇಡಿಕೆ ಸಾಲಿನಲ್ಲಿ ನಿಂತ ಕಾಲವೂ ಕೆಲಸ ನಡೆದ ಕಾಲವೂ ಕೂಡಿದ ಮೊತ್ತ ಅದು. ಬೆಳಿಗ್ಗೆ ಹತ್ತಕ್ಕೆ ಹದಿನೈದರ ಆಸುಪಾಸಿನಲ್ಲಿದ್ದ ಆ ಸಂಖ್ಯೆ ಹನ್ನೊಂದೂವರೆಗೆ ಮುನ್ನೂರನ್ನು ದಾಟಿತ್ತು. ಡಿಸ್ಕು ಬಿಡುವಿಲ್ಲದೆ ದುಡಿದ ಕಾಲವನ್ನು ತೋರಿಸುವ ಅಂಕಣ ನೂರಕ್ಕೆ ನೂರರ ಹತ್ತಿರವಿತ್ತು.

ನಾಲ್ಕನೆಯದು ‘ಎಸ್‌ಎಂಬಿಸ್ಟೇಟಸ್’. ಇದು ತೂಬಿನ ಪರೀಕ್ಷೆ. ಯಾವ ಯಂತ್ರಗಳು ಹಂಚಿಕೆಯ ಫೋಲ್ಡರಿಗೆ ಕೂಡಿಕೊಂಡಿವೆ, ಯಾರು ಯಾವ ಫೈಲನ್ನು ತೆರೆದಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ಯಂತ್ರದ ಒಡೆತನದ ಅಧಿಕಾರವಿದ್ದವರಷ್ಟೇ ಕೊಡಬೇಕಾದ ಆಜ್ಞೆಯಾದ್ದರಿಂದ ಸಹಾಯಕರೇ ಕೊಟ್ಟರು. ತರಗತಿಯ ವಿದ್ಯಾರ್ಥಿಗಳು ತೆರೆದಿದ್ದ ಬರಹಗಳ ಹೊರತು ಅಂಥ ಭಾರವೇನೂ ಕಾಣಲಿಲ್ಲ. ಹಾಗಾದರೆ ಕೆರೆಯ ನೀರನ್ನು ಎತ್ತುತ್ತಿದ್ದವರು ಯಾರು?

ಐದನೆಯ ಆಜ್ಞೆ ‘ಪಿಐಡಿಸ್ಟ್ಯಾಟ್’. ‘ಅಡ್ಡಗೆರೆ ಡಿ’ ಎಂದು ಸೇರಿಸಿ ಕೊಟ್ಟರೆ ಯಾವ ಕೆಲಸವು ಡಿಸ್ಕಿನಿಂದ ಎಷ್ಟು ಓದುತ್ತಿದೆ, ಎಷ್ಟು ಬರೆಯುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಎಲ್ಲ ಫೈಲುಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡುವ ಕೆಲಸವೊಂದು ಆ ಹೊತ್ತಿನಲ್ಲಿ ನಡೆಯುತ್ತಿತ್ತು. ಅದು ಬೇಕಾದ ಕೆಲಸವೇ; ಡಿಸ್ಕು ಕೆಟ್ಟರೆ ನಮ್ಮ ಬರಹಗಳನ್ನು ಕಾಯುವುದು ಆ ನಕಲೇ. ಆದರೆ ರಾತ್ರಿ ಹನ್ನೊಂದಕ್ಕೆ ನಡೆಯಲೆಂದು ಯಾರೋ ಹಿಂದೆ 11 ಎಂದು ಬರೆದಿಟ್ಟಿದ್ದರು. ಯಂತ್ರದ ಗಡಿಯಾರಕ್ಕೆ 11 ಎಂದರೆ ಹಗಲಿನ ಹನ್ನೊಂದು. ರಾತ್ರಿಯದಾದರೆ 23 ಎಂದು ಬರೆಯಬೇಕಾಗಿತ್ತು. ರಾತ್ರಿ ಯಂತ್ರವನ್ನು ಆರಿಸುವ ರೂಢಿಯಿರುವುದರಿಂದ ನಾವು 17 ಎಂದು ತಿದ್ದಿ ಸಂಜೆ ಐದಕ್ಕೆ ಇಟ್ಟೆವು. ಮಾರನೆಯ ದಿನ ಹನ್ನೊಂದಕ್ಕೆ ಫೈಲುಗಳು ಹತ್ತು ಗಂಟೆಯಲ್ಲಿದ್ದಂತೆಯೇ ತೆರೆದುಕೊಂಡವು. ಒಂದು ಕಾಸೂ ಖರ್ಚಾಗಲಿಲ್ಲ. ಒಂದು ವರ್ಷದ ಗೊಣಗಾಟಕ್ಕೆ ಎರಡಂಕಿಯ ಒಂದು ಸಂಖ್ಯೆ ಕಾರಣವಾಗಿತ್ತು.

ಯಾರ ತಪ್ಪನ್ನೂ ಎತ್ತಿ ತೋರಿಸಲು ಇದನ್ನು ಹೇಳಲಿಲ್ಲ. ಆ ತಪ್ಪು ನಾನೇ ಮಾಡಬಹುದಾದದ್ದು. ಹೇಳಬೇಕಾದ್ದು ಇಷ್ಟೆ: ವೈರು, ವೈರಸ್, ವಿದ್ಯಾರ್ಥಿ ಎಂದು ನಾವು ಹೊರಿಸಿದ್ದ ಮೂರು ಆಪಾದನೆಗಳೂ ಸುಳ್ಳಾಗಿದ್ದವು; ಅಳೆಯುವವರೆಗೆ ಆ ಮೂರನ್ನೂ ನಾವು ನಂಬಿದ್ದೆವು.

ಅಳೆಯುವವರೂ ಎಚ್ಚರವಾಗಿರಬೇಕು. ಒಂದೇ ಸಂಖ್ಯೆಯನ್ನು ನೆಚ್ಚಬಾರದು. ಒಂದು ಫೈಲನ್ನು ಒಮ್ಮೆ ತೆರೆದು, ಕೂಡಲೇ ಎರಡನೆಯ ಸಲ ತೆರೆದರೆ ಅದು ಚಿಟಿಕೆ ಹೊಡೆಯುವುದರೊಳಗೆ ಬರುತ್ತದೆ. ಏಕೆಂದರೆ ಯಂತ್ರ ಅದನ್ನು ಡಿಸ್ಕಿನಿಂದಲ್ಲ, ತನ್ನ ನೆನಪಿನಿಂದ ಕೊಡುತ್ತದೆ. ಅದನ್ನೇ ಡಿಸ್ಕಿನ ವೇಗವೆಂದು ತಿಳಿದರೆ ಮೋಸಹೋಗುತ್ತೇವೆ. ಹೊಸ ಬಗೆಯ ಡಿಸ್ಕುಗಳು ಒಂದೇ ವೇಳೆಗೆ ಹಲವು ಬೇಡಿಕೆಗಳನ್ನು ಪೂರೈಸಬಲ್ಲವು. ಅವು ನೂರಕ್ಕೆ ನೂರು ದುಡಿಯುತ್ತಿವೆ ಎಂದು ಪಟ್ಟಿ ಹೇಳಿದರೂ ದಣಿದಿವೆ ಎಂದು ಅರ್ಥವಲ್ಲ. ಅಲ್ಲಿಯೂ ಕಾಯುವ ಕಾಲವನ್ನೇ ನೋಡಬೇಕು. ಇನ್ನೊಂದು ಮಾತು, ಎರಡು ತುದಿಗಳಲ್ಲಿಯೂ ಅಳೆಯಬೇಕು. ನಮ್ಮ ನೆರೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದರು. ಅಷ್ಟು ಉದ್ದದ ತಂತಿಯಲ್ಲಿ ಹೊರಟದ್ದೆಷ್ಟು, ತಲುಪಿದ್ದೆಷ್ಟು ಎಂದು ಎರಡು ಕಡೆಯ ಲೆಕ್ಕವನ್ನೂ ಇಟ್ಟು ನೋಡಿದರಲ್ಲದೆ ಸೋರಿದ್ದೆಲ್ಲಿ ಎಂಬುದು ತಿಳಿಯುವುದಿಲ್ಲ. ಫೈಲುಗಳ ವಿಷಯದಲ್ಲಿಯೂ ಸರ್ವರಿನ ಮುಂದೆ ಒಬ್ಬರು, ದೂರದ ಕಂಪ್ಯೂಟರಿನ ಮುಂದೆ ಒಬ್ಬರು ಕುಳಿತು ಒಂದೇ ಗಳಿಗೆಯಲ್ಲಿ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮರ್ಯಾದೆ. ‘ಎಸ್‌ಎಂಬಿಸ್ಟೇಟಸ್’ ಕೊಟ್ಟಾಗ ಸಹಪಾಠಿಯೊಬ್ಬರು ತೆರೆದಿದ್ದ ಫೈಲಿನ ಹೆಸರು ನನ್ನ ಕಣ್ಣಿಗೆ ಬಿತ್ತು. ಅದು ನಾನು ನೋಡಬೇಕಾದ್ದಲ್ಲ. ಆ ಹೆಸರನ್ನು ಯಾರಿಗೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನೀರುಗಂಟಿ ನೀರಿನ ಲೆಕ್ಕ ನೋಡಬೇಕೇ ಹೊರತು ಯಾರ ಗದ್ದೆಯಲ್ಲಿ ಯಾರು ಮಾತಾಡುತ್ತಿದ್ದಾರೆಂದು ಕಿವಿಗೊಡಬಾರದು.

ಇದೆಲ್ಲ ಬಿ.ಎ. ವಿದ್ಯಾರ್ಥಿಗೆ ಏಕೆ ಎಂದು ಕೆಲವು ಮಿತ್ರರು ಕೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ನಮಗೆ ಹೊಸ ವಿದ್ಯೆಯೇ ಅಲ್ಲ. ಎರಡು ಸಾಕ್ಷ್ಯಗಳನ್ನು ಹೋಲಿಸಿ ನೋಡಬೇಕೆಂದು ಇತಿಹಾಸದ ತರಗತಿಯಲ್ಲಿ ಕಲಿತಿದ್ದೇವೆ. ಸರಾಸರಿಯ ಹಿಂದೆ ಏನು ಅಡಗಿದೆ ಎಂದು ಕೇಳಬೇಕೆಂದು ಅರ್ಥಶಾಸ್ತ್ರದಲ್ಲಿ ಕಲಿತಿದ್ದೇವೆ. ಪದವೊಂದಕ್ಕೆ ಆ ಸಂದರ್ಭದಲ್ಲಿ ಏನು ಅರ್ಥ ಎಂದು ಬಿಡಿಸಿ ನೋಡುವುದನ್ನು ಕನ್ನಡದ ತರಗತಿ ಕಲಿಸಿದೆ. ಕಪ್ಪು ಪರದೆಯ ಮೇಲೆ ನಡೆಯುವುದೂ ಪದಗಳ ಕೆಲಸವೇ. ಚಿತ್ರಗಳುಳ್ಳ ಪರದೆಯಲ್ಲಿ ಕಂಡದ್ದು ಮುಚ್ಚಿದೊಡನೆ ಹೋಗುತ್ತದೆ. ಒಂದು ಸಾಲಿನ ಆಜ್ಞೆಗೆ ಬಂದ ಉತ್ತರವನ್ನಾದರೋ ಗಂಟೆ ನಿಮಿಷಗಳ ಸಮೇತ ಒಂದು ಫೈಲಿಗೆ ಬರೆಸಿಟ್ಟು, ತಿಂಗಳ ಮೇಲೆ ತೆಗೆದು ಹೋಲಿಸಬಹುದು. ಹಳೆಯ ಯಂತ್ರದ ಮೇಲೆಯೂ ಅದು ನಡೆಯುತ್ತದೆ. ವಿಂಡೋಸ್ ಯಂತ್ರಗಳಲ್ಲಿಯೂ ‘ಟೈಪ್‌ಪರ್ಫ್’, ‘ನೆಟ್ ಸೆಷನ್’ ಎಂಬ ಆಜ್ಞೆಗಳಿಂದ ಇಂಥದೇ ಲೆಕ್ಕ ಸಿಗುತ್ತದೆ.

ಇನ್ನು ಕೆಲವರು, ತಿಳಿದು ಮಾಡುವುದೇನು, ಯಂತ್ರ ಬೆಂಗಳೂರಿನಲ್ಲಿ ಎಲ್ಲೋ ಇದೆ, ಕಿಟಕಿಯಲ್ಲಿ ಕುಳಿತ ಗುಮಾಸ್ತರಿಗೂ ಅದು ಕಾಣದು ಎನ್ನುತ್ತಾರೆ. ನಿಜ. ಆ ಗುಮಾಸ್ತರ ಮೇಲೆ ನನಗೆ ಕೋಪವಿಲ್ಲ. ನೂರು ಜನರ ಸಿಟ್ಟನ್ನು ದಿನವೂ ಎದುರಿಸುವವರು ಅವರು. ಆದರೆ ಅವರ ಮೇಜಿನ ಮೇಲೆ ಒಂದು ಪುಸ್ತಕ ಇರಬಹುದಲ್ಲ? ಯಾವ ಹೊತ್ತಿಗೆ ನಿಂತಿತು, ಯಾವ ಹೊತ್ತಿಗೆ ಬಂತು, ಕಛೇರಿಯ ಸಂಪರ್ಕವೇ ಹೋಗಿತ್ತೇ ಅಥವಾ ಸಂಪರ್ಕವಿದ್ದೂ ಆ ಕಡೆಯಿಂದ ಉತ್ತರ ಬರಲಿಲ್ಲವೇ ಎಂದು ಮೂರು ಅಂಕಣ ಸಾಕು. ಒಂದು ‘ಪಿಂಗ್’ ಆಜ್ಞೆಯಿಂದಲೇ ಈ ಮೂರನೆಯ ಅಂಕಣದ ಬಹುಪಾಲು ತುಂಬುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆ ಯಾವ ನಾಗರಿಕರಿಗಾದರೂ ಕೇಳುವ ಅಧಿಕಾರ ಕೊಟ್ಟಿದೆ. ಆದರೆ ಕಛೇರಿಯಲ್ಲಿ ಇರುವ ದಾಖಲೆಯನ್ನು ಮಾತ್ರ ಕೇಳಬಹುದು. ಬರೆಯದೇ ಇದ್ದದ್ದನ್ನು ಕೇಳಿ ಪಡೆಯುವುದು ಹೇಗೆ? ‘ಸರ್ವರ್ ಇಲ್ಲ’ ಎಂಬ ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ‘11-05ಕ್ಕೆ ನಿಂತಿತು, 12-40ಕ್ಕೆ ಬಂತು, ಸಂಪರ್ಕ ಸರಿಯಿತ್ತು, ಆ ಕಡೆಯಿಂದ ಉತ್ತರವಿರಲಿಲ್ಲ’ ಎಂಬ ಬರಹ ಉಳಿಯುತ್ತದೆ. ಒಂದು ತಿಂಗಳ ಬರಹವನ್ನು ಮುಂದಿಟ್ಟರೆ, ಸರಿಪಡಿಸಬೇಕಾದವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಮ್ಮ ಕೊಠಡಿಯಲ್ಲಿ ಆದದ್ದು ಅದೇ ಅಲ್ಲವೆ? ಪ್ರತಿದಿನವೂ ಹನ್ನೊಂದಕ್ಕೇ ಏಕೆ ಎಂಬ ಪ್ರಶ್ನೆಯೇ ಅರ್ಧ ಉತ್ತರವಾಗಿತ್ತು.

ನಮ್ಮ ಹಳ್ಳಿಯ ಕಡೆಯಿಂದ ಓದಲು ಬಂದವರಿಗೆ ಇನ್ನೊಂದು ಹೊಣೆಯೂ ಉಂಟೆಂದು ತೋರುತ್ತದೆ. ನಮ್ಮ ತಂದೆತಾಯಿಗಳು ಯಂತ್ರದ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ, ಹಿಂದೆ ಕಡತದ ಮುಂದೆ ನಿಂತ ಹಾಗೆಯೇ. ಕಡತವನ್ನು ಓದಲು ಅಕ್ಷರ ಬೇಕಾಗಿತ್ತು; ಅಕ್ಷರ ಕಲಿತೆವು. ಯಂತ್ರವನ್ನು ಓದಲು ಐದಾರು ಆಜ್ಞೆ ಬೇಕು; ಅದನ್ನೂ ಕಲಿಯೋಣ. ಕಲಿತು ಎಲ್ಲರೂ ಎಂಜಿನಿಯರುಗಳಾಗಬೇಕಾಗಿಲ್ಲ. ‘ಇಲ್ಲ’ ಎಂದವರನ್ನು ‘ಎಲ್ಲಿ ಇಲ್ಲ, ಎಷ್ಟು ಹೊತ್ತಿನಿಂದ ಇಲ್ಲ’ ಎಂದು ಮರ್ಯಾದೆಯಿಂದ ಕೇಳುವಷ್ಟು ಬಂದರೆ ಸಾಕು.

ನಮ್ಮ ತಂದೆಯವರಿಗೆ ನಾಲ್ಕನೆಯ ಸಲ ಹೋದಾಗ ಕಾಗದ ಸಿಕ್ಕಿತು. ಆ ಮೂರು ದಿನ ಏನಾಗಿತ್ತೆಂಬುದು ಅವರಿಗೂ ತಿಳಿಯದು, ಕಾಗದ ಕೊಟ್ಟವರಿಗೂ ತಿಳಿಯದು. ಎಲ್ಲಿಯೂ ಬರೆದಿಲ್ಲವಾದ್ದರಿಂದ ಇನ್ನು ಮುಂದೆ ತಿಳಿಯುವಂತೆಯೂ ಇಲ್ಲ. ಅಜ್ಜಿಯ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಕಂಪ್ಯೂಟರ್ ಕೊಠಡಿಯ ಬಾಗಿಲ ಪಕ್ಕದ ಗೂಡಿನಲ್ಲಿ ಈಗ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ಇಟ್ಟಿದ್ದೇವೆ. ದಿನಾಂಕ, ಗಂಟೆ, ಪಿಂಗ್, ಅವೇಟ್, ಷರಾ ಎಂದು ಐದು ಅಂಕಣ. ದಿನಕ್ಕೆ ಮೂರು ಸಾಲಿನಂತೆ ಬರೆಯುತ್ತ ಬಂದಿದ್ದೇವೆ. ನಾವು ಈ ವರ್ಷ ಕಾಲೇಜು ಬಿಡುವವರು. ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪುಟಗಳು ಖಾಲಿಯಿವೆ. ಕಿರಿಯ ಮಿತ್ರರು ಅದನ್ನು ನಿಲ್ಲಿಸದೆ ಮುಂದುವರಿಸಬೇಕೆಂದೂ, ಅಧ್ಯಾಪಕರು ಅವರಿಗೆ ಬೆಂಬಲವಾಗಿ ನಿಲ್ಲಬೇಕೆಂದೂ ವಿನಯದಿಂದ ಕೇಳಿಕೊಳ್ಳುತ್ತೇನೆ.